ಗಿರಣಿಯಿಂದ ಐದು ಮಾರು ದೂರ

ದೂರ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ತಲೆಯ ಮೇಲೆ ಬುಟ್ಟಿ ಉಂಟಾ, ಇಲ್ಲವಾ? ಬುಟ್ಟಿ ತುಂಬ ಬಂಗುಡೆ ಹೊತ್ತು ಜೆಪ್ಪುವಿನಿಂದ ಕುಲಶೇಖರಕ್ಕೆ ನಡೆಯುವವಳಿಗೆ ಆ ದಾರಿ ಬೇರೆ. ಮೀನೆಲ್ಲ ಮಾರಿ ಖಾಲಿ ಬುಟ್ಟಿ ಬೀಸಿಕೊಂಡು ಹಿಂದೆ ಬರುವವಳಿಗೆ ಅದೇ ದಾರಿ ಬೇರೆ. ಮೈಲುಗಲ್ಲು ಎರಡು ಸಲವೂ ಒಂದೇ ಅಂಕೆ ತೋರಿಸುತ್ತದೆ. ಕಲ್ಲಿಗೇನು, ಅದು ಹೊತ್ತು ನಡೆದದ್ದುಂಟಾ? ಇಪ್ಪತ್ತು ವರ್ಷ ಮೀನು ಹೊತ್ತವಳು ನಾನು. ನಿನ್ನೆಯ ಮೀನನ್ನು ಇವತ್ತಿನದೆಂದು ಹೇಳಿದ್ದೇನೆ, ಇವತ್ತಿನದನ್ನು ಈಗ ತಾನೇ ದೋಣಿಯಿಂದ ಇಳಿದದ್ದೆಂದು ಹೇಳಿದ್ದೇನೆ. ಅವೆಲ್ಲ ಸಂಜೆಗೆ ಸಾರಾಗಿ ಮುಗಿದುಹೋದ ಸುಳ್ಳುಗಳು. ದೇವರು ಕೇಳಿದರೂ ಹುಳಿ ಸ್ವಲ್ಪ ಹೆಚ್ಚು ಹಾಕಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಒಂದು ಸುಳ್ಳನ್ನು ನಾನು ಬಾಯಿ ತೆರೆಯದೆ ಹೇಳಿದೆ, ಹಗ್ಗದಿಂದ ಹೇಳಿದೆ. ಅದು ಇನ್ನೂ ಮುಗಿದಿಲ್ಲ. ಮೂರನೆಯ ಕ್ಲಾಸಿನವರೆಗೆ ಕಲಿತವಳು ಬರೆಯಲು ಕೂತದ್ದು ಅದನ್ನು ಹೇಳಿ ಮುಗಿಸುವುದಕ್ಕೆ.

ಯುದ್ಧದ ಕಾಲದಲ್ಲಿ ರೇಷನ್ನಿನಲ್ಲಿ ಅಕ್ಕಿ ಸಾಲದೆ ಗೋಧಿ ಕೊಡಲು ಸುರು ಮಾಡಿದ್ದು ನಿಮಗೆ ನೆನಪಿರಬಹುದು. ನಮ್ಮ ಕಡೆಯವರಿಗೆ ಗೋಧಿಯನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅಕ್ಕಿಯ ಹಾಗೆ ಬೇಯಿಸಿದವರುಂಟು. ಬೆಳಗ್ಗೆ ಒಲೆಗೆ ಇಟ್ಟದ್ದು ಮಧ್ಯಾಹ್ನಕ್ಕೂ ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕುತ್ತಿತ್ತು. ನಾನು ಮೊದಲ ವಾರದ ಗೋಧಿಯನ್ನು ಕೋಳಿಗೆ ಹಾಕಿದೆ. ಕೋಳಿಗಳು ನಾಲ್ಕು ಕಾಳು ಹೆಕ್ಕಿ ನನ್ನ ಮುಖ ನೋಡಿದವು. ಕೊನೆಗೆ ಅದನ್ನು ಹುಡಿ ಮಾಡಿ ರೊಟ್ಟಿ ಬಡಿಯಬೇಕೆಂದು ಊರಿಗೆಲ್ಲ ಗೊತ್ತಾಯಿತು. ನನ್ನ ಅಳಿಯ ವಾಸು ಆಗ ಒಂದು ಕೆಲಸ ಮಾಡಿದ. ದೋಣಿಯಲ್ಲಿದ್ದ ನಮ್ಮ ಪಾಲನ್ನು ಬಿಟ್ಟುಕೊಟ್ಟು ಎಲ್ಲಿಂದಲೋ ಹಳೆಯದೊಂದು ಕರೆಂಟಿನ ಮೋಟಾರು ಮತ್ತು ಬೀಸುವ ಕಲ್ಲು ತಂದು, ನಮ್ಮ ಅಂಗಳದ ಮೂಲೆಯಲ್ಲಿ ತಗಡಿನ ಮಾಡು ಹಾಕಿ ಗಿರಣಿ ಇಟ್ಟ. ಮನೆಯ ಗಂಡಸರನ್ನು ಸಮುದ್ರ ಒಬ್ಬೊಬ್ಬರನ್ನಾಗಿ ಕರೆದುಕೊಂಡಾಗಿತ್ತು, ಉಳಿದವನು ನೆಲದ ಮೇಲೆಯೇ ಇರಲಿ ಎಂದು ನಾನು ಬೇಡ ಎನ್ನಲಿಲ್ಲ. ಮಗಳು, ಅಳಿಯ, ನಾನು, ಮಗಳ ಮೂರು ಮಕ್ಕಳು, ಎಂದರೆ ನನ್ನ ಪುಳ್ಳಿಗಳು. ಆರು ಬಾಯಿಗೂ ಗಂಜಿ ಆ ಕಲ್ಲಿನ ಅಡಿಯಿಂದಲೇ ಬರಬೇಕಿತ್ತು.

ಗಿರಣಿಗೆ ಜನ ಬರುತ್ತಿದ್ದದ್ದು ಸಂಜೆ. ಹಂಚಿನ ಕಾರ್ಖಾನೆಯ ಹೆಂಗಸರು ಕೆಲಸ ಬಿಟ್ಟು, ಕೈಕಾಲಿನ ಕೆಂಪು ಮಣ್ಣನ್ನೂ ತೊಳೆಯದೆ ಗೋಧಿಯ ಚೀಲ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಐದೂವರೆಗೆ ಹಾಕಿದ ಮೋಟಾರು ಏಳೂವರೆಯವರೆಗೆ ನಿಲ್ಲುವಂತಿರಲಿಲ್ಲ. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಲ್ಲಿನ ಹತ್ತಿರ ಕೂತು ಹುಡಿ ಹಿಡಿಯುತ್ತಿದ್ದೆ. ಮನೆಗೆ ಬಂದರೆ ತಲೆ, ಹುಬ್ಬು ಎಲ್ಲ ಬಿಳಿ. ಸಣ್ಣ ಪುಳ್ಳಿ ಮೊದಲ ದಿನ ನನ್ನನ್ನು ನೋಡಿ ಅಜ್ಜಿ ಸತ್ತು ಎದ್ದು ಬಂದಿದ್ದಾಳೆಂದು ಕಿರುಚಿದ್ದ.

ನಮ್ಮ ಬೇಲಿಯ ಆಚೆ ರುಕ್ಮಿಣಿಯ ಮನೆ. ಅವಳ ಕಡೆಯವರು ಬೇಸಾಯದವರು, ನಮ್ಮದು ಕಡಲು. ಅವಳು ನನಗಿಂತ ಹತ್ತು ವರ್ಷ ಸಣ್ಣವಳು. ಗಂಡ ಇಲ್ಲ, ಇದ್ದದ್ದು ಒಬ್ಬನೇ ಮಗ ಸದಾಶಿವ. ಅವನು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ಅಲ್ಲಿದ್ದ ಬಿಳಿ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ತನ್ನ ಹಳೆಯ ರೇಡಿಯೋವನ್ನು ಇವನಿಗೆ ಕೊಟ್ಟು ಹೋಗಿದ್ದ. ಕೋಳಿಗೂಡಿನಷ್ಟು ದೊಡ್ಡ ಮರದ ಪೆಟ್ಟಿಗೆ. ನಮ್ಮ ಬೀದಿಯಲ್ಲಿ ರೇಡಿಯೋ ಎಂದರೆ ಅದೊಂದೇ. ಯುದ್ಧ ಬಂದಾಗ ಸದಾಶಿವ ಮಿಲಿಟರಿಗೆ ಸೇರಿದ, ಸಿಂಗಾಪುರಕ್ಕೆ ಹೋದ. ಸಿಂಗಾಪುರ ಜಪಾನಿನವರ ಕೈಗೆ ಹೋಯಿತು. ಕಾಗದ ನಿಂತಿತು. ಆಮೇಲೆ ಬಜಾರಿನಲ್ಲಿ ಒಂದು ಸುದ್ದಿ ಹುಟ್ಟಿತು: ಆಚೆ ಕಡೆಯವರ ಸ್ಟೇಷನ್ನಿನಲ್ಲಿ ಸಂಜೆ ಆರೂವರೆಗೆ ಸೆರೆ ಸಿಕ್ಕ ಸಿಪಾಯಿಗಳ ಹೆಸರು ಓದುತ್ತಾರೆ, ಕೆಲವು ದಿನ ಸಿಪಾಯಿಗಳಿಂದಲೇ ಎರಡು ಮಾತು ಹೇಳಿಸುತ್ತಾರೆ ಎಂದು. ಅಂದಿನಿಂದ ರುಕ್ಮಿಣಿ ಆರು ಗಂಟೆಗೆ ಕಿಟಕಿ ಮುಚ್ಚಿ ರೇಡಿಯೋದ ಮುಂದೆ ಕೂರುವುದಕ್ಕೆ ಸುರು ಮಾಡಿದಳು. ಹೆಸರು ಓದುವವನು ಹಿಂದೂಸ್ಥಾನಿಯಲ್ಲಿ ಓದುತ್ತಿದ್ದ. ಅವಳಿಗೆ ಅದರಲ್ಲಿ ಒಂದು ಅಕ್ಷರ ಗೊತ್ತಿಲ್ಲ. "ಗೊತ್ತಿಲ್ಲದ ಭಾಷೆಯನ್ನು ಎಂತ ಕೇಳುದು ನೀನು?" ಎಂದು ನಾನು ಒಮ್ಮೆ ಕೇಳಿದ್ದೆ. "ನನ್ನ ಮಗನ ಹೆಸರಿಗೆ ಭಾಷೆ ಬೇಕಾ?" ಎಂದಿದ್ದಳು.

ಈಗ ನಿಮಗೆ ತೊಂದರೆ ಗೊತ್ತಾಗಿರಬಹುದು. ನಮ್ಮ ಮೋಟಾರು ಹಳೆಯದು, ಒಳಗೆ ತಿರುಗುವಲ್ಲಿ ನೀಲಿ ಕಿಡಿ ಹಾರುತ್ತಿತ್ತು. ಆ ಕಿಡಿ ಇಲ್ಲಿ ಹಾರಿದರೆ ಅಲ್ಲಿ ಅವಳ ರೇಡಿಯೋದಲ್ಲಿ ಕಾದ ಕಾವಲಿಗೆ ಮಸಾಲೆ ಮೆತ್ತಿದ ಬಂಗುಡೆ ಹಾಕಿದ ಹಾಗೆ ಸದ್ದು. ನಡುವೆ ತಂತಿ ಇಲ್ಲ, ಹಗ್ಗ ಇಲ್ಲ, ಬೇಲಿ ಒಂದುಂಟು. ಅಲ್ಲಿಗೆ ಹೋಗುತ್ತದೆ ಎಂದು ನಾನು ನಂಬಿರಲೇ ಇಲ್ಲ. ಅವಳೇ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದಳು. ಕೇಳಿದೆ. ಮೀನು ಹುರಿಯುತ್ತಾ ಇತ್ತು, ಅದರ ಹಿಂದೆ ಎಲ್ಲೋ ಒಬ್ಬ ಗಂಡಸು ಬಾವಿಯೊಳಗಿಂದ ಮಾತಾಡಿದ ಹಾಗೆ ಮಾತಾಡುತ್ತಾ ಇದ್ದ.

"ಸೀತಕ್ಕ, ದಿನಕ್ಕೆ ಅರ್ಧ ಗಂಟೆ. ಆರೂವರೆಯಿಂದ ಏಳರವರೆಗೆ ನಿಲ್ಲಿಸಿ, ಸಾಕು" ಎಂದಳು.

ಎರಡು ದಿನ ನಿಲ್ಲಿಸಿದೆ. ಸಾಲಿನಲ್ಲಿ ನಿಂತ ಹೆಂಗಸರು ಸುಮ್ಮನಿರುತ್ತಾರಾ? "ಎಂತ ಸೀತಕ್ಕ, ಕಲ್ಲಿಗೆ ಬಾಣಂತನವಾ?" ಎಂದು ಒಬ್ಬಳು. "ನನ್ನ ಮಕ್ಕಳು ಬೆಳಗ್ಗಿನಿಂದ ಉಂಡಿಲ್ಲ, ನಿಮಗೆ ರೇಡಿಯೋದ ಸಂಕಟ" ಎಂದು ಇನ್ನೊಬ್ಬಳು. ಮೂರನೆಯ ದಿನ ನಾನು ನಿಲ್ಲಿಸಲಿಲ್ಲ. ರುಕ್ಮಿಣಿ ಬೇಲಿಯ ಹತ್ತಿರ ಬಂದು ನಿಂತು ನೋಡಿದಳು. ನಾನು ಹುಡಿ ಹಿಡಿಯುತ್ತಾ ಇದ್ದೆ, ತಲೆ ಎತ್ತಲಿಲ್ಲ.

ಅವಳು ಶಾಲೆಯ ಮಾಸ್ತರರಿಂದ ರೇಡಿಯೋ ಇಲಾಖೆಗೆ ದೂರು ಬರೆಸಿದಳು. ಅದರಲ್ಲಿ ಒಂದು ಇಕ್ಕಟ್ಟಿತ್ತು. ಸರ್ಕಾರಕ್ಕೆ ಬರೆಯುವ ಕಾಗದದಲ್ಲಿ ಶತ್ರುಗಳ ಸ್ಟೇಷನ್ ಸರಿಯಾಗಿ ಕೇಳಿಸುವುದಿಲ್ಲ ಎಂದು ಬರೆಯುವುದು ಹೇಗೆ? ಮಾಸ್ತರರು ಹೆದರಿ, 'ಭಜನೆ ಕೇಳಲು ಅಡ್ಡಿಯಾಗುತ್ತದೆ' ಎಂದು ಬರೆದರು. ಮಾಸ್ತರರ ಹೆಂಡತಿ ನನ್ನ ಗಿರಣಿಗೇ ಬರುವವಳಾದ್ದರಿಂದ ಕಾಗದ ಅಂಚೆಗೆ ಬೀಳುವ ಮೊದಲೇ ಅದರ ಒಕ್ಕಣೆ ನನಗೆ ಗೊತ್ತಿತ್ತು.

ನಮ್ಮ ಎರಡು ಮನೆಗಳ ನಡುವೆ ದೂರದ ತಕರಾರು ಅದು ಮೊದಲನೆಯದಲ್ಲ. ಬಹಳ ಹಿಂದೆ ರುಕ್ಮಿಣಿಯ ಅತ್ತೆ ಇದ್ದಾಗ, ನಾವು ಅಂಗಳದಲ್ಲಿ ಒಣಮೀನು ಹಾಕುತ್ತೇವೆಂದು ಗಲಾಟೆಯಾಗಿತ್ತು. ಅವರೂ ಮೀನು ತಿನ್ನುವವರೇ. ಆದರೆ ತಿನ್ನುವ ಮೀನು ಬೇರೆ, ಮೂಗಿಗೆ ಬರುವ ಮೀನು ಬೇರೆ. ಊರಿನ ನಾಲ್ಕು ಜನ ಹಿರಿಯರು ಬಂದು ಅಲ್ಲಲ್ಲಿ ನಿಂತು ಮೂಸಿ ನೋಡಿದರು. ಒಬ್ಬರಿಗೆ ಬೇಲಿಯಲ್ಲೇ ವಾಸನೆ ಬಂತು, ಒಬ್ಬರಿಗೆ ಜಗಲಿಯಲ್ಲೂ ಬರಲಿಲ್ಲ. ಬಾರದವರಿಗೆ ನೆಗಡಿಯಾಗಿತ್ತೆಂದು ಅತ್ತೆ, ಬಂದವರು ಹಿಂದಿನ ದಿನ ನಮ್ಮಲ್ಲಿ ಪುಕ್ಕಟೆ ಮೀನು ಸಿಗದೆ ಹೋದವರೆಂದು ನಾನು. ಕೊನೆಗೆ ಅತ್ತೆ ಕೂರುವ ಜಾಗದಲ್ಲಿ ನಿಂತು ಮೂಸಿ ತೀರ್ಮಾನ ಮಾಡಿದರು. ಮೂಗು ಯಾರದೋ ಅವರ ಜಾಗದಲ್ಲಿ ನಿಲ್ಲಬೇಕೆಂಬುದು ಆ ಮುದುಕರಿಗೆ ಗೊತ್ತಿತ್ತು. ಆ ದಿನ ನಾನು ಸೋತೆ, ಒಣಮೀನು ಹಿತ್ತಿಲಿಗೆ ಹೋಯಿತು.

ನವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಇನ್ಸ್‌ಪೆಕ್ಟರರು ಬಂದರು. ಕೆಲಸ ಮದರಾಸಿನಲ್ಲಿ, ಹುಟ್ಟಿದ್ದು ಉಡುಪಿಯ ಕಡೆಯಂತೆ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಟ್ರಂಕಿನಂಥ ಪೆಟ್ಟಿಗೆ. ಅದನ್ನು ತೆರೆದರೆ ಒಳಗೆ ಗಡಿಯಾರದ ಹಾಗೆ ಒಂದು ಮುಳ್ಳು, ಮುಳ್ಳಿನ ದಾರಿಯಲ್ಲಿ ಒಂದು ಕೆಂಪು ಗೆರೆ. ಮೇಲೆ ದೊಡ್ಡ ಬಳೆಯ ಹಾಗೆ ತಂತಿಯ ಸುತ್ತು. ಮೋಟಾರು ಹಾಕಿದರೆ ಮುಳ್ಳು ಏಳುತ್ತದೆ. ಕೆಂಪು ಗೆರೆ ದಾಟಿದರೆ ಗಿರಣಿ ನಿಲ್ಲಿಸಬೇಕು. ಕಿಡಿಯ ಸದ್ದನ್ನು ಹೀರುವ ಕಂಡೆನ್ಸರ್ ಎಂಬ ಒಂದು ಸಾಮಾನನ್ನು ಮೋಟಾರಿಗೆ ಕಟ್ಟಿದ ಮೇಲೆಯೇ ಹಾಕಬಹುದು. ಅದು ಎಲ್ಲಿ ಸಿಗುತ್ತದೆ ಎಂದು ವಾಸು ಕೇಳಿದ. "ಯುದ್ಧ ಮುಗಿದ ಮೇಲೆ ಮದರಾಸಿನಲ್ಲಿ ಸಿಗಬಹುದು" ಎಂದರು ಇನ್ಸ್‌ಪೆಕ್ಟರರು. ವಾಸುವಿನ ಮುಖ ನಾನು ನೋಡಿದೆ. ದೋಣಿಯ ಪಾಲು ಹೋಗಿತ್ತು, ಇನ್ನು ಕಲ್ಲೂ ಹೋದರೆ ಅವನಿಗೆ ಉಳಿಯುವುದು ಬೇರೆಯವರ ದೋಣಿಯ ಕೂಲಿ.

ಅವರು ಮೊದಲು ಪೆಟ್ಟಿಗೆಯನ್ನು ಗಿರಣಿಯ ಬಾಗಿಲಲ್ಲೇ ಇಟ್ಟರು. ಮುಳ್ಳು ಕೆಂಪು ಗೆರೆ ದಾಟಿ ಕೊನೆಗೆ ಹೋಗಿ ಟಕ್ಕೆಂದು ಬಡಿಯಿತು. ರುಕ್ಮಿಣಿ, "ನೋಡಿದಿರಾ?" ಎಂದಳು.

"ಇಲ್ಲಿ ಅಳೆಯುವ ಕ್ರಮ ಇಲ್ಲ ಅಮ್ಮಾ" ಎಂದರು ಇನ್ಸ್‌ಪೆಕ್ಟರರು. "ತೀರ ಹತ್ತಿರ ಇಟ್ಟರೆ ಮುಳ್ಳು ಸುಳ್ಳು ಹೇಳ್ತದೆ. ತಗಡಿನ ಮಾಡು, ಗೋಡೆಯ ತಂತಿ, ನಿಮ್ಮ ಕೈಯ ಬಳೆ, ಎಲ್ಲ ಅದರೊಟ್ಟಿಗೆ ಸೇರ್ತದೆ."

"ಹಾಗಾದರೆ ಕದ್ರಿ ಗುಡ್ಡೆಯಲ್ಲಿ ಇಟ್ಟು ಅಳೆಯಿರಿ" ಎಂದೆ ನಾನು.

"ಅದಕ್ಕಿಂತ ನಿಮ್ಮ ಗಿರಣಿಯನ್ನೇ ಕದ್ರಿಗೆ ಹೊತ್ತುಕೊಂಡು ಹೋಗಿ, ಸೀತಕ್ಕ. ಹೊರುವುದು ನಿಮಗೆ ಅಭ್ಯಾಸ ಉಂಟಲ್ಲ" ಎಂದಳು ರುಕ್ಮಿಣಿ. ನೋಡಲು ಸೇರಿದ್ದ ಹೆಂಗಸರು ನಕ್ಕರು. ನನಗೂ ನಗು ಬರುವಂತಿತ್ತು, ನುಂಗಿದೆ.

ಇನ್ಸ್‌ಪೆಕ್ಟರರು ಪಾಪ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ತೀರ ದೂರ ಇಟ್ಟರೂ ತಪ್ಪು, ಊರಿನ ಬೇರೆ ಸದ್ದೆಲ್ಲ ಬಂದು ಸೇರಿಕೊಳ್ಳುತ್ತದೆ. ಹತ್ತಡಿ, ಮೂವತ್ತಡಿ, ನೂರಡಿ, ಈ ಮೂರರಲ್ಲಿ ಒಂದನ್ನು ಆರಿಸಬೇಕು. ಮೂರು ಪಟ್ಟು ದೂರ ಹೋದರೆ ಸದ್ದಿನ ಬಲ ಮೂರರಲ್ಲೊಂದು ಪಾಲಾಗುತ್ತದೆ, ಅದಕ್ಕೊಂದು ಲೆಕ್ಕ ಉಂಟು. ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಮಾನ್ಯವಾಗಿ ಮೂವತ್ತಡಿಯನ್ನು ಹಿಡಿಯುತ್ತಾರೆ; ಆ ಕೆಂಪು ಗೆರೆಯನ್ನು ಎಳೆದದ್ದೂ ಮೂವತ್ತಡಿಗೇ. ಆಮೇಲೆ ರುಕ್ಮಿಣಿಯ ಕಡೆ ತಿರುಗಿ ಕೇಳಿದರು: "ನಿಮಗೆ ಕೇಳದೆ ಹೋಗುವುದು ಯಾವ ಸ್ಟೇಷನ್?"

ರುಕ್ಮಿಣಿ ನನ್ನ ಮುಖ ನೋಡಿದಳು. ಹೇಳಿಬಿಡುತ್ತೇನೋ ಎಂದು ಹೆದರಿದಳೋ, ನಾನಾದರೂ ಹೇಳಲಿ ಎಂದು ನೋಡಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಮದರಾಸು. ಭಜನೆ" ಎಂದಳು.

"ಮದರಾಸಾದರೆ ಅದರ ಬಲ ಜೋರುಂಟು. ಮೂವತ್ತಡಿಯ ಲೆಕ್ಕ ಧಾರಾಳ ಸಾಕು. ಬಹಳ ದೂರದ, ಸಣ್ಣ ಧ್ವನಿಯ ಸ್ಟೇಷನ್ ಆಗಿದ್ದರೆ ಮುಳ್ಳು ಕೆಂಪು ಗೆರೆಯ ಕೆಳಗೆ ನಿಂತರೂ ನಾನು ಸರಿ ಎಂದು ಬರೆಯುತ್ತಿರಲಿಲ್ಲ" ಎಂದು ಹೇಳಿ ಪುಸ್ತಕದಲ್ಲಿ 'ಭಜನೆ' ಎಂದು ಬರೆದುಕೊಂಡರು. ನಾನು ಮೀನಿನ ಹಾಗೆ ಬಾಯಿ ಮುಚ್ಚಿ ನಿಂತಿದ್ದೆ.

ಆಮೇಲೆ ನೋಡಿದರೆ ಅವರ ಅಳತೆಯ ಪಟ್ಟಿ ಇರಲಿಲ್ಲ, ಇಳಿದುಕೊಂಡ ಕೋಣೆಯಲ್ಲಿ ಮರೆತು ಬಂದಿದ್ದರು. ಅಳೆಯುವುದಕ್ಕೆ ಏನಾದರೂ ಉಂಟಾ ಎಂದು ಕೇಳಿದರು. ನಾನು ಒಳಗೆ ಹೋಗಿ ನಮ್ಮ ಯಜಮಾನರ ಹಗ್ಗ ತಂದೆ.

ಹಗ್ಗದ ವಿಷಯ ಸ್ವಲ್ಪ ಹೇಳಬೇಕು. ಕಡಲಿನ ಆಳ, ಬಲೆಯ ಉದ್ದ ಎಲ್ಲ ನಮಗೆ ಮಾರಿನ ಲೆಕ್ಕ. ಎರಡು ಕೈ ಚಾಚಿದರೆ ಒಂದು ಮಾರು. ಪೇಟೆಯವರ ಲೆಕ್ಕದಲ್ಲಿ ಆರಡಿ. ನಮ್ಮ ಯಜಮಾನರು ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬಂದದ್ದಿಲ್ಲ, ಅವರು ಕೈ ಚಾಚಿದರೆ ಬೇರೆಯವರ ಮಾರಿಗಿಂತ ಒಂದು ಗೇಣು ಹೆಚ್ಚು. ಅದರ ಮೇಲೆ ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ. ಹಗ್ಗಕ್ಕೆ ಮಾರಿನ ಗಂಟು ಹಾಕುವಾಗ ಪ್ರತಿಯೊಂದು ಮಾರಿಗೂ ಒಂದು ಗೇಣು ಹೆಚ್ಚು ಬಿಡುತ್ತಾರೆ. ನೀರಿಗೆ ಬಿದ್ದ ಹಗ್ಗ ಕುಗ್ಗುತ್ತದೆ, ಅದಕ್ಕೆ ಎನ್ನುತ್ತಿದ್ದರು ಗಂಡಸರು. ಅದು ಸಮುದ್ರದ ಪಾಲು, ಬಿಡದಿದ್ದರೆ ತಾನೇ ತೆಗೆದುಕೊಳ್ಳುತ್ತದೆ ಎನ್ನುತ್ತಿದ್ದರು ನನ್ನ ಅತ್ತೆ. ಹೀಗೆ ಆ ಹಗ್ಗದ ಐದು ಗಂಟಿಗೆ ಮೂವತ್ತರ ಮೇಲೆ ಏಳೆಂಟಡಿ ಜಾಸ್ತಿ. ಇದು ಗೊತ್ತಿದ್ದವರು ಆ ಅಂಗಳದಲ್ಲಿ ನಾನೊಬ್ಬಳೇ. ವಾಸು ಬೇರೆ ದೋಣಿಯ ಮನೆಯವನು.

"ಒಂದು ಮಾರು ಎಂದರೆ ಆರಡಿ ಅಲ್ವಾ ಅಜ್ಜಿ?" ಎಂದು ಕೇಳಿದರು ಇನ್ಸ್‌ಪೆಕ್ಟರರು.

"ಊರಿಗೆಲ್ಲ ಆರಡಿಯೇ" ಎಂದೆ. ಅದು ಸುಳ್ಳಲ್ಲ. ಇಪ್ಪತ್ತು ವರ್ಷ ಮೀನು ಮಾರಿದವಳಿಗೆ ಮಾತಿನಲ್ಲಿ ಸಿಕ್ಕಿಬೀಳದಷ್ಟು ಬುದ್ಧಿ ಉಂಟು.

ವಾಸು ಒಂದು ತುದಿಯನ್ನು ಮೋಟಾರಿಗೆ ತಾಗಿಸಿ ಹಿಡಿದ. ನಾನು ಇನ್ನೊಂದು ತುದಿ ಹಿಡಿದು ಬೇಲಿ ದಾಟಿ ನಡೆದೆ. ರುಕ್ಮಿಣಿ ಆಡು ಕಟ್ಟುವ ಹಟ್ಟಿಯ ಕಂಬ ಬಂತು. ಸರಿಯಾದ ಮೂವತ್ತಡಿ ಅಲ್ಲಿಗೆ ಮುಗಿಯಬೇಕಿತ್ತು, ಕಣ್ಣಂದಾಜು ನನಗೂ ಉಂಟು. ನಿಲ್ಲದೆ ನಡೆದೆ. ಐದನೆಯ ಗಂಟು ಅವಳ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂತು.

"ಐದು ಮಾರು ಇಷ್ಟು ದೂರ ಉಂಟಾ?" ಎಂದಳು ರುಕ್ಮಿಣಿ.

"ಬೇಕಾದರೆ ಎಣಿಸು" ಎಂದೆ.

ಅವಳು ಹಗ್ಗದ ಗುಂಟ ಗಿರಣಿಯವರೆಗೆ ನಡೆದು ಒಂದೊಂದೇ ಗಂಟು ಮುಟ್ಟಿ ಎಣಿಸಿದಳು. ಐದೇ ಇತ್ತು. ಬೇಸಾಯದ ಮನೆಯವಳು, ಗಂಟು ಎಣಿಸಿದಳು, ಗಂಟಿನ ನಡುವೆ ಇರುವುದನ್ನು ಎಣಿಸುವುದು ಹೇಗೆಂದು ಅವಳಿಗೆ ಗೊತ್ತಿಲ್ಲ.

ಇನ್ಸ್‌ಪೆಕ್ಟರರು ಒಗೆಯುವ ಕಲ್ಲಿನ ಮೇಲೆ ಪೆಟ್ಟಿಗೆ ಇಟ್ಟರು. ಎಲ್ಲರನ್ನೂ ದೂರ ನಿಲ್ಲಿಸಿದರು. ಅಷ್ಟರಲ್ಲಿ ರುಕ್ಮಿಣಿಯ ಆಡು ಬಂದು ಅವರ ಪುಸ್ತಕದ ಒಂದು ಹಾಳೆಗೆ ಬಾಯಿ ಹಾಕಿತು, ಅದನ್ನು ಓಡಿಸಿದ್ದಾಯಿತು. ವಾಸು ಮೋಟಾರು ಹಾಕಿದ. ಮುಳ್ಳು ಎದ್ದಿತು, ಏರಿತು, ಕೆಂಪು ಗೆರೆಯ ಕೆಳಗೆ ಒಂದು ಕೂದಲೆಳೆಯಷ್ಟು ಜಾಗ ಬಿಟ್ಟು ನಡುಗುತ್ತಾ ನಿಂತಿತು. "ಗೆರೆಯ ಒಳಗೇ ಉಂಟು" ಎಂದು ಬರೆದು ರುಜು ಹಾಕಿದರು. ಒಂದು ಎಳನೀರಿನ ಬೊಂಡ ಕುಡಿದು, ಕೈಗೆ ಹತ್ತಿದ ಹಗ್ಗದ ಮೀನಿನ ವಾಸನೆಯನ್ನು ಮೂರು ಸಲ ತೊಳೆದು ಹೊರಟುಹೋದರು. ಒಳ್ಳೆಯ ಮನುಷ್ಯ. ಅವರ ಪೆಟ್ಟಿಗೆಯಲ್ಲೂ ತಪ್ಪಿರಲಿಲ್ಲ, ಲೆಕ್ಕದಲ್ಲೂ ತಪ್ಪಿರಲಿಲ್ಲ.

ಆ ಹಗ್ಗವನ್ನು ಸುತ್ತಿ ಒಳಗಿಡುವಾಗ ಒಂದು ನೆನಪಾಯಿತು. ನಮ್ಮ ಯಜಮಾನರು ಹೋದ ದಿನ ಆ ಹಗ್ಗ ದೋಣಿಯಲ್ಲಿರಲಿಲ್ಲ, ಒಣಗಲೆಂದು ದಡದಲ್ಲಿತ್ತು. ದೋಣಿ ಮಗುಚಿದ್ದು ನಡುಕಡಲಿನಲ್ಲಲ್ಲ, ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ, ನಮ್ಮೆಲ್ಲರ ಕಣ್ಣೆದುರು. ನಲವತ್ತು ಮಾರು ಇರಬಹುದು ಎಂದರು ಆಮೇಲೆ. ಅವರು ಹಲಗೆಯೊಂದನ್ನು ಹಿಡಿದು ನನ್ನ ಕಡೆ ತಿರುಗಿ ಏನೋ ಕೂಗಿದರು. ಬಾಯಿ ತೆರೆದದ್ದು ಕಂಡಿತು. ತೆರೆಯ ಅಬ್ಬರದಲ್ಲಿ ಮಾತು ಕೇಳಲಿಲ್ಲ. ಮಕ್ಕಳನ್ನು ನೋಡಿಕೋ ಎಂದಿರಬಹುದು ಎಂದು ಜನ ಹೇಳಿದರು. ಹಗ್ಗ ಎಸೆಯೇ ಹೆಣ್ಣೇ ಎಂದೂ ಇರಬಹುದು. ಹನ್ನೆರಡು ವರ್ಷ ಆ ಬಾಯಿಯನ್ನು ಕಣ್ಣೆದುರು ತಂದು ಬೇರೆ ಬೇರೆ ಮಾತು ಕೂಡಿಸಿ ನೋಡಿದ್ದೇನೆ. ಇದೆಲ್ಲ ಗೊತ್ತಿದ್ದವಳೇ ಅಂದು ಸಂಜೆ ಐದೂವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಲ್ಲಿನ ಹತ್ತಿರ ಹೋಗಿ ಕೂತೆ. ಸರ್ಕಾರವೇ ಸರಿ ಎಂದ ಮೇಲೆ ನನ್ನದೇನು ತಪ್ಪು ಎಂದು ಯಾರಾದರೂ ಕೇಳುವ ಮೊದಲೇ ನಾನೇ ಹೇಳಿಕೊಂಡು ತಿರುಗಿದೆ. ಯಾರೂ ಕೇಳಿರಲಿಲ್ಲ. ರುಕ್ಮಿಣಿಯೂ ಆಮೇಲೆ ಒಮ್ಮೆಯೂ ಅರ್ಧ ಗಂಟೆ ಕೇಳಲು ಬರಲಿಲ್ಲ. ಬೇಲಿಯ ಆಚೆ ಆರು ಗಂಟೆಗೆ ಕಿಟಕಿ ಮುಚ್ಚುವುದು ಮಾತ್ರ ದಿನವೂ ಕಾಣುತ್ತಿತ್ತು.

ಯುದ್ಧ ಮುಗಿಯಿತು. ಸೆರೆಯಿಂದ ಬಿಟ್ಟವರು ಒಬ್ಬೊಬ್ಬರೇ ಊರಿಗೆ ಬರತೊಡಗಿದರು. ಒಂದು ದಿನ ಬೆಳಗ್ಗೆ ಕುಲಶೇಖರದ ಜೋಕಿಂ ಎಂಬ ಹುಡುಗ ರುಕ್ಮಿಣಿಯ ಮನೆ ಕೇಳಿಕೊಂಡು ಬಂದ. ಹುಡುಗ ಎಂದೆ, ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ, ಪ್ರಾಯ ಹೇಳುವುದು ಕಷ್ಟವಿತ್ತು. ನಾನು ಆಗ ಅವಳಿಗೆ ಸ್ವಲ್ಪ ಮೀನು ಕೊಡಲು ಹೋದವಳು ಅವಳ ಜಗಲಿಯಲ್ಲೇ ಇದ್ದೆ. ಅವನು ಕೂರಲಿಲ್ಲ. ನಿಂತುಕೊಂಡೇ ಹೇಳಿದ: ಸದಾಶಿವನೂ ಅವನೂ ಒಂದೇ ಶೆಡ್ಡಿನಲ್ಲಿದ್ದರು. ಕೊನೆಯ ವರ್ಷ ಜ್ವರ ಬಂತು, ಔಷಧಿ ಇರಲಿಲ್ಲ, ಆರು ದಿನದಲ್ಲಿ ಹೋದ. ಮಣ್ಣು ಮಾಡಿದವರಲ್ಲಿ ತಾನೂ ಒಬ್ಬ.

ರುಕ್ಮಿಣಿ ಕಂಬ ಹಿಡಿದುಕೊಂಡು ನಿಂತಿದ್ದಳು. ಅಳಲಿಲ್ಲ. ಅವನು ಮುಂದುವರಿಸಿದ.

"ಆದರೆ ಅಮ್ಮಾ, ಅವನ ಮಾತು ನಿಮಗೆ ಕೇಳಿರಬೇಕಲ್ಲ? ಸೆರೆ ಸಿಕ್ಕ ವರ್ಷವೇ, ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ, ನಮ್ಮನ್ನು ಮೈಕಿನ ಎದುರು ನಿಲ್ಲಿಸಿದ್ದರು. ಒಬ್ಬೊಬ್ಬರಿಗೆ ಮೂರು ಮಾತು. ನಾನು ಅವನ ಹಿಂದೆಯೇ ನಿಂತಿದ್ದೆ. ಅವನು ಹೇಳಿದ್ದು ನನಗೆ ಬಾಯಿಪಾಠ ಉಂಟು. 'ಅಮ್ಮಾ, ಸದಾಶಿವ ಮಾತಾಡುದು. ಊಟ ಉಂಟು, ಚಿಂತೆ ಬೇಡ. ಮಳೆಯ ಮೊದಲು ಹಟ್ಟಿಯ ಮಾಡು ಹೊದಿಸಿ.' ಹೊರಗೆ ಬಂದು ನನ್ನತ್ರ ಹೇಳಿದ, ನಮ್ಮಲ್ಲಿ ರೇಡಿಯೋ ಉಂಟು ಮಾರಾಯ, ಅಮ್ಮನಿಗೆ ಕೇಳಿಯೇ ಕೇಳ್ತದೆ ಎಂದು. ಸಾಯುವವರೆಗೂ ಅದನ್ನೇ ಹೇಳ್ತಿದ್ದ. ಕೇಳಿತಲ್ಲ ಅಮ್ಮಾ?"

ಕ್ರಿಸ್ಮಸ್ಸಿಗೆ ನಾಲ್ಕು ದಿನ. ಅದು ಇನ್ಸ್‌ಪೆಕ್ಟರರು ಬಂದು ಹೋದ ವರ್ಷ. ಆ ವಾರ ಗಿರಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಹಬ್ಬದ ಕುಸ್ವಾರಿನ ತಿಂಡಿಗಳಿಗೆಂದು ಕ್ರಿಸ್ತುವರ ಹೆಂಗಸರೆಲ್ಲ ಗೋಧಿ ತಂದಿದ್ದರು, ನಾವು ಮೋಟಾರನ್ನು ಎಂಟು ಗಂಟೆಯವರೆಗೆ ಬಿಟ್ಟಿದ್ದೆವು. ನನಗೆ ಅದು ಗೊತ್ತಿತ್ತು. ರುಕ್ಮಿಣಿಗೂ ಗೊತ್ತಿತ್ತು.

"ಕೇಳಿತು ಮಗಾ" ಎಂದಳು ರುಕ್ಮಿಣಿ. "ಸ್ಪಷ್ಟ ಕೇಳಿತು. ಹಟ್ಟಿಯ ಮಾಡು ಹೊದಿಸಿದ್ದೇನೆ ನೋಡು."

ಅವನು ತಿರುಗಿ ಹಟ್ಟಿಯನ್ನು ನೋಡಿದ. ಹೊಸ ತೆಂಗಿನ ಮಡಲು ಹೊದಿಸಿತ್ತು. ಅದನ್ನು ಅವಳು ಪ್ರತಿವರ್ಷವೂ ಹೊದಿಸುತ್ತಾಳೆ. ಜೋಕಿಮನ ಮುಖದಲ್ಲಿ ಆಗ ಮೊದಲ ಸಲ ಏನೋ ಸಡಿಲವಾಯಿತು. ಕೂತ. ಒಂದು ಲೋಟ ನೀರು ಕೇಳಿ ಕುಡಿದ.

ಅವನು ಹೋದ ಮೇಲೆ ನಾನು ಮನೆಗೆ ಹೋಗಿ ಹಗ್ಗ ತಂದು ಅವಳ ಜಗಲಿಯಲ್ಲಿ ಹಾಕಿದೆ. ನಮ್ಮ ಯಜಮಾನರ ಕೈ, ಸಮುದ್ರದ ಪಾಲಿನ 'ಒಂದು ಗೇಣು', ಹಟ್ಟಿಯ ಕಂಬ, ಒಗೆಯುವ ಕಲ್ಲು, ಎಲ್ಲ ಹೇಳಿದೆ. ಮೀನು ಮಾರುವಾಗ ಇಷ್ಟು ಮಾತು ಯಾವತ್ತೂ ಆಡಿದ್ದಿಲ್ಲ. ಅವಳು ಅಕ್ಕಿ ಆರಿಸುತ್ತಾ ಕೇಳಿದಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

"ನಾನೂ ಭಜನೆ ಎಂದು ಹೇಳಿದ್ದಲ್ಲವಾ?" ಎಂದಳು. ಒಂದು ಕಲ್ಲು ಹೆಕ್ಕಿ ಬಿಸಾಡಿದಳು. "ಹೋಗಲಿ. ಅವನು ಎಂತ ಹೇಳಿದ್ದು ಎಂದು ಈಗಲಾದರೂ ಗೊತ್ತಾಯ್ತು. ನಿಮಗೆ ಅದೂ ಆಗ್ಲಿಲ್ಲ, ಸೀತಕ್ಕ."

ಇದನ್ನು ಕನಿಕರದಿಂದ ಹೇಳಿದಳೋ ಕುಟುಕಿದಳೋ ನನಗೆ ಬಿಡಿಸಲು ಬರಲಿಲ್ಲ. ಎರಡೂ ಇರಬಹುದು. ಮೀನನ್ನು ಮಾತ್ರ ಇಟ್ಟುಕೊಂಡಳು.

ಈಗ ಅಕ್ಕಿ ಸಿಗುತ್ತದೆ, ಗೋಧಿಯನ್ನು ಯಾರೂ ಮೂಸುವುದಿಲ್ಲ. ಗಿರಣಿ ವಾರಕ್ಕೆರಡು ದಿನ ಹಗಲಿನಲ್ಲಿ ಮೆಣಸಿನ ಹುಡಿ ಮಾಡುತ್ತದೆ, ಸಂಜೆ ಸುಮ್ಮನಿರುತ್ತದೆ. ವಾಸು ಕಂಡೆನ್ಸರನ್ನೂ ತರಿಸಿ ಕಟ್ಟಿಸಿದ್ದಾನೆ; ಈಗ ಕಿಡಿಯ ಸದ್ದು ಒಂದು ಚೂರೂ ಆಚೆ ಹೋಗುವುದಿಲ್ಲವಂತೆ. ಆರೂವರೆಗೆ ರುಕ್ಮಿಣಿ ರೇಡಿಯೋ ಹಾಕುತ್ತಾಳೆ. ಈಗ ನಿಜವಾಗಿಯೂ ಭಜನೆಯನ್ನೇ ಹಾಕುತ್ತಾಳೆ, ಮದರಾಸಿನದು. ಕಿಟಕಿ ಮುಚ್ಚುವುದಿಲ್ಲ. ನಾನೂ ಹೋಗಿ ಕೂರುತ್ತೇನೆ. ಹೋಗುವುದು ಭಕ್ತಿಯಿಂದ ಎಂದು ಯಾರೂ ತಿಳಿಯಬೇಡಿ. ವರ್ಷಗಟ್ಟಲೆ ಕಲ್ಲಿನ ಬುಡದಲ್ಲಿ ಕೂತದ್ದಕ್ಕೆ ನನ್ನ ಎರಡು ಕಿವಿಯೂ ಮುಕ್ಕಾಲು ಹೋಗಿವೆ. ಪುಳ್ಳಿಗಳು ನನ್ನನ್ನು ಕರೆಯುವುದಕ್ಕೆ ಸೆರಗು ಎಳೆಯುತ್ತಾರೆ. ಐದು ಮಾರು ಬೇಡ, ಐದು ಅಡಿ ದೂರ ಕೂತರೂ ರೇಡಿಯೋ ನನಗೆ ಮರದ ಪೆಟ್ಟಿಗೆ. ಯಾರ ಕಿವಿ ಎಲ್ಲಿರುತ್ತದೆಂದು ನೋಡಿ ಅಳೆಯಬೇಕೆಂದು ಆ ಮೂಸುವ ಮುದುಕರಿಗೆ ಗೊತ್ತಿತ್ತು, ನನಗೆ ಈಗ ಗೊತ್ತಾಗಿದೆ. ಅಲ್ಲಿ ನಾನು ಕೂರುವ ಸ್ಟೂಲು ದಿನದಿಂದ ದಿನಕ್ಕೆ ಮುಂದೆ ಮುಂದೆ ಹೋಗುತ್ತಿದೆ.

ನಿನ್ನೆ ಸಂಜೆ ಭಜನೆಯ ನಡುವೆ ರುಕ್ಮಿಣಿ ನನ್ನ ಕಡೆ ತಿರುಗಿ ಏನೋ ಹೇಳಿದಳು. ಬಾಯಿ ತೆರೆದದ್ದು ಕಂಡಿತು. ಮಾತು ಕೇಳಲಿಲ್ಲ. ಅವಳು ಹುಬ್ಬು ಏರಿಸಿ, ಕೈಯನ್ನು ಕಿವಿಗೆ ತೋರಿಸಿ, ಕೇಳಿತಾ ಎಂಬಂತೆ ಮಾಡಿದಳು.

"ಕೇಳಿತು" ಎಂದೆ. "ಸ್ಪಷ್ಟ ಕೇಳಿತು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದು ಬಂದು, ನಾನು ಕೂತಿದ್ದ ಹಾಗೆಯೇ ಸ್ಟೂಲನ್ನು ಹಿಡಿದು ರೇಡಿಯೋದ ಕಡೆಗೆ ಒಂದು ಗೇಣು ಎಳೆದಳು.